ಒಂದೇ ರಾತ್ರಿ 14 ಕ್ರ್ಯಾಶ್: ತಪ್ಪು ಕರ್ನಲ್‌ದಾ, ನನ್ನ ವಿಎಂದಾ?

ತೋಟದಮನೆ, ಶಿರಸಿ · ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಕರ್ನಲ್ ಕೆಲಸ ಮಾಡುವವರು ಇಲ್ಲಿ ನಾಲ್ಕೈದು ಜನ ಇದ್ದೀರಿ ಅಂತ ಗೊತ್ತು. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನನ್ನದು ಇಂಜಿನಿಯರಿಂಗ್ ಕೊನೆಯ ವರ್ಷ. ಈಗ ಊರಲ್ಲಿದ್ದೇನೆ, ಶಿರಸಿಯಿಂದ ಹನ್ನೆರಡು ಕಿಲೋಮೀಟರ್ ಒಳಗೆ. ಪ್ರಾಜೆಕ್ಟ್‌ಗೆ ಲಿನಕ್ಸ್ ಕರ್ನಲ್ ಫಝಿಂಗ್ ತಗೊಂಡಿದ್ದೇನೆ. ಹೊಸಬರಿಗೆ ಹೇಳುವುದಾದರೆ, ಕರ್ನಲ್‌ಗೆ, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳಿಗೆ, ಚಿತ್ರವಿಚಿತ್ರ ಸಿಸ್ಟಂ ಕಾಲ್‌ಗಳನ್ನು (ಪ್ರೋಗ್ರಾಂಗಳು ಅದಕ್ಕೆ ಮಾಡುವ ಕೋರಿಕೆಗಳನ್ನು) ಲಕ್ಷಗಟ್ಟಲೆ ಕೊಡುತ್ತಾ ಹೋಗಿ, ಎಲ್ಲಿ ಬೀಳುತ್ತದೆ ಅಂತ ನೋಡುವುದು. ಅದಕ್ಕೆ ಗೂಗಲ್‌ನವರ ಸಿಜ್‌ಕಾಲರ್ ಬಳಸುತ್ತಿದ್ದೇನೆ.

ನನ್ನ ಮೆಷಿನ್: ಆರು ಕೋರ್, 16 ಜಿಬಿ ರ‍್ಯಾಮ್, ವಿಂಡೋಸ್. ಅದರಲ್ಲಿ ವರ್ಚುವಲ್‌ಬಾಕ್ಸ್ ಹಾಕಿ ಉಬುಂಟುಗೆ 10 ಜಿಬಿ ಕೊಟ್ಟೆ. ಉಬುಂಟು ಒಳಗೆ ಸಿಜ್‌ಕಾಲರ್‌ನ ಸಿಜ್-ಮ್ಯಾನೇಜರ್ ಕ್ಯೂಎಮು ಅನ್ನುವ ಪ್ರೋಗ್ರಾಂನಿಂದ ನಾಲ್ಕು ವಿಎಂ (ಕಂಪ್ಯೂಟರ್ ಒಳಗಿನ ನಕಲಿ ಕಂಪ್ಯೂಟರ್) ಎಬ್ಬಿಸುತ್ತದೆ. ಒಂದೊಂದಕ್ಕೆ 2 ಜಿಬಿ, ಎರಡು ಸಿಪಿಯು.

ನಿನ್ನೆ ರಾತ್ರಿ ಬಿಟ್ಟು ಮಲಗಿದ್ದೆ. ಬೆಳಿಗ್ಗೆ ನೋಡಿದರೆ ಒಟ್ಟು 14 ಕ್ರ್ಯಾಶ್! ಹೆಸರು ಮಾತ್ರ ಮೂರೇ. "ಟೆಸ್ಟ್ ಮೆಷಿನ್‌ನಿಂದ ಔಟ್‌ಪುಟ್ ಇಲ್ಲ" ಏಳು ಸಲ, "ಟೆಸ್ಟ್ ಮೆಷಿನ್ ಜೊತೆ ಸಂಪರ್ಕ ಕಡಿದಿದೆ" ಮೂರು ಸಲ, "ಆರ್‌ಸಿಯು ಸ್ಟಾಲ್" (ಯಾವುದೋ ಸಿಪಿಯು ಗಡುವಿನೊಳಗೆ ಪ್ರತಿಕ್ರಿಯಿಸಿಲ್ಲ ಅನ್ನುವ ಕರ್ನಲ್ ಎಚ್ಚರಿಕೆ) ನಾಲ್ಕು ಸಲ. ಇದನ್ನು ಕರ್ನಲ್ ನೋಡಿಕೊಳ್ಳುವ ಮೇಂಟೇನರ್‌ಗಳಿಗೆ ಮೇಲ್ ಮಾಡಬಹುದಾ? ಮೇಲ್ ಬರೆದಿಟ್ಟಿದ್ದೇನೆ. ಕಳಿಸುವ ಮೊದಲು ಒಮ್ಮೆ ಕೇಳೋಣ ಅನ್ನಿಸಿತು.

ಕಾಳಿದಂಡೆ, ಕಾರವಾರ · ಸೋಮವಾರ ರಾತ್ರಿ 10:15

ತಮಾ, ಮೇಲ್ ಕಳಿಸಬೇಡ. ಎರಡು ದಿನ ತಡಿ. ಮೊದಲು ಮೂರು ವಿಷಯ ನೋಡಿ ಹೇಳು.

ಉಬುಂಟು ಒಳಗೆ /ಡೆವ್/ಕೆವಿಎಂ ಅನ್ನುವ ಫೈಲ್ ಇದೆಯಾ? ಮ್ಯಾನೇಜರ್ ಬಿಟ್ಟು ನೀನೇ ಕೈಯಿಂದ ಒಂದು ವಿಎಂ ಬೂಟ್ ಮಾಡಿದರೆ ಲಾಗಿನ್ ಬರಲಿಕ್ಕೆ ಎಷ್ಟು ಹೊತ್ತು? ಮ್ಯಾನೇಜರ್‌ನ ವೆಬ್ ಪುಟದಲ್ಲಿ ಕವರೇಜ್ ಸಂಖ್ಯೆ (ಕರ್ನಲ್‌ನ ಎಷ್ಟು ಕೋಡ್ ಮುಟ್ಟಿತು ಅನ್ನುವ ಲೆಕ್ಕ) ಏರುತ್ತಿದೆಯಾ, ನಿಂತಲ್ಲೇ ನಿಂತಿದೆಯಾ?

ತೋಟದಮನೆ, ಶಿರಸಿ · ಸೋಮವಾರ ರಾತ್ರಿ 11:05

ನೋಡಿದೆ ಸರ್. /ಡೆವ್/ಕೆವಿಎಂ ಇಲ್ಲ. ಶುರುವಿನಲ್ಲಿ ಕೆವಿಎಂ ಸಿಗುತ್ತಿಲ್ಲ ಅಂತ ಕ್ಯೂಎಮು ಎರರ್ ಕೊಟ್ಟಿತ್ತು. ಹುಡುಕಿದಾಗ ಯಾರೋ "ಆ ಸ್ವಿಚ್ ತೆಗೆದುಬಿಡಿ, ಓಡುತ್ತದೆ" ಅಂತ ಬರೆದಿದ್ದರು. ಕಾನ್ಫಿಗ್‌ನಲ್ಲಿ ಕ್ಯೂಎಮು ಆರ್ಗ್ಯುಮೆಂಟ್ ಬದಲಾಯಿಸಿ ಕೆವಿಎಂ ತೆಗೆದೆ. ಆಮೇಲೆ ಓಡಿತು.

ಕೈಯಿಂದ ಬೂಟ್ ಮಾಡಿದ್ದು ಇದೇ ಮೊದಲು. ಲಾಗಿನ್ ಬರಲಿಕ್ಕೆ ಆರು ನಿಮಿಷ ಆಯಿತು. ಕವರೇಜ್ ರಾತ್ರಿಯಿಡೀ ತೀರಾ ಸ್ವಲ್ಪ ಏರಿದೆ.

ಕಾಳಿದಂಡೆ, ಕಾರವಾರ · ಮಂಗಳವಾರ ಬೆಳಿಗ್ಗೆ 6:30

ಹಾಗಾದರೆ ಆ 14ರಲ್ಲಿ ಒಂದನ್ನೂ ಲೆಕ್ಕಕ್ಕೆ ಹಿಡಿಯಬೇಡ. ಬೇಜಾರು ಮಾಡ್ಕೋಬೇಡ, ಇದು ಎಲ್ಲರಿಗೂ ಆಗುವಂಥದ್ದೇ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಇದು ತಲೆಗೆ ಹೋದರೆ ಮುಂದಿನದು ಸಲೀಸು.

ನಿನ್ನ ಮೂರೂ ಹೆಸರು ಸರಿಯಾಗಿ ನೋಡು. ಮೂರೂ ಹೊತ್ತಿನ ದೂರು. ಇಂಥ ಕಡೆ ಮೆಮೊರಿ ಕೆಟ್ಟಿತು, ಇಂಥ ಪಾಯಿಂಟರ್ ತಪ್ಪಿತು ಅಂತ ಒಂದೂ ಹೇಳುತ್ತಿಲ್ಲ. ಇಷ್ಟು ಹೊತ್ತು ಕಾದೆ, ಉತ್ತರ ಬರಲಿಲ್ಲ ಅಂತ ಹೇಳುತ್ತಿವೆ, ಅಷ್ಟೇ. ಆರ್‌ಸಿಯು ಸ್ಟಾಲ್‌ಗೆ ಕರ್ನಲ್ ಇಟ್ಟುಕೊಂಡ ಗಡುವು ಸಾಮಾನ್ಯವಾಗಿ 21 ಸೆಕೆಂಡ್. ಹಂಗ್ ಟಾಸ್ಕ್‌ಗೆ, ಅಂದರೆ ಒಂದು ಕೆಲಸ ಅಲ್ಲಾಡದೆ ನಿಂತರೆ, 120 ಸೆಕೆಂಡ್. ಸರಿಯಾದ ವೇಗದಲ್ಲಿ ಓಡುವ ಮೆಷಿನ್‌ಗೆ ಇದು ಧಾರಾಳ. ನಿನ್ನ ವಿಎಂಗೆ ಸಾಲದು.

ಕೆವಿಎಂ ಇದ್ದರೆ ವಿಎಂ ಒಳಗಿನ ಕೋಡ್ ನೇರವಾಗಿ ಪ್ರೊಸೆಸರ್ ಮೇಲೇ ಓಡುತ್ತದೆ. ಇಲ್ಲದಿದ್ದರೆ ಕ್ಯೂಎಮು ಒಳಗಿನ ಕೋಡನ್ನೆಲ್ಲ ತಾನೇ ಬದಲಾಯಿಸಿ ಬದಲಾಯಿಸಿ ಓಡಿಸಬೇಕು. ಅದರ ಮೇಲೆ ನೀನು ಕೇಸಾನ್ ಹಾಕಿರುತ್ತೀಯ, ಮೆಮೊರಿ ತಪ್ಪು ಹಿಡಿಯುವ ಕರ್ನಲ್ ಸೌಲಭ್ಯ. ಅದು ಮೆಮೊರಿ ಮುಟ್ಟಿದಾಗಲೆಲ್ಲ ಒಮ್ಮೆ ಪರೀಕ್ಷೆ ಮಾಡುತ್ತದೆ. ಅದರ ಕೆಳಗೆ ಉಬುಂಟು, ಅದರ ಕೆಳಗೆ ವರ್ಚುವಲ್‌ಬಾಕ್ಸ್, ಅದರ ಕೆಳಗೆ ವಿಂಡೋಸ್. ಹೀಗೆ ನಾಲ್ಕು ಅಟ್ಟ ಹತ್ತಿ ಬರುವಷ್ಟರಲ್ಲಿ 21 ಸೆಕೆಂಡ್ ಕಳೆದೇ ಹೋಗುತ್ತದೆ. ಕರ್ನಲ್‌ನಲ್ಲಿ ತಪ್ಪೇ ಇಲ್ಲ, ಆದರೂ ಕ್ರ್ಯಾಶ್ ಅಂತ ದಾಖಲಾಗುತ್ತದೆ.

ನನ್ನ ಅಭಿಪ್ರಾಯ ಇಷ್ಟು: ವಿಎಂ ಮೇಲೆ ನಂಬಿಕೆ ಬರುವ ತನಕ ಕ್ರ್ಯಾಶ್ ಎಣಿಸಬಾರದು. ಫಝಿಂಗ್‌ನಲ್ಲಿ ಮುಕ್ಕಾಲು ಪಾಲು ಕೆಲಸ ಇದೇ.

ಈಗ ಮಾಡಬೇಕಾದ್ದು. ವರ್ಚುವಲ್‌ಬಾಕ್ಸ್ ಬಿಡು. ವಿಎಂ ಒಳಗೆ ವಿಎಂ ಓಡಿಸುವ ಸೌಲಭ್ಯ ಅದರಲ್ಲೂ ಇದೆ, ಎಎಂಡಿಗೆ 6.0ರಿಂದ, ಇಂಟೆಲ್‌ಗೆ 6.1ರಿಂದ. ಆದರೂ ನನ್ನ ಮಾತು ಕೇಳು, ಒಂದು ಸಣ್ಣ ಎಸ್‌ಎಸ್‌ಡಿ ತಂದು ಅದಕ್ಕೆ ನೇರವಾಗಿ ಲಿನಕ್ಸ್ ಹಾಕು. ಎರಡು ಅಟ್ಟ ಅಲ್ಲೇ ಕಳೆಯಿತು. ಬಯೋಸ್‌ಗೆ ಹೋಗಿ ವರ್ಚುವಲೈಸೇಶನ್ ಆನ್ ಮಾಡು. ಇಂಟೆಲ್ ಆದರೆ ವಿಟಿ-ಎಕ್ಸ್ ಅಂತ ಇರುತ್ತದೆ, ಎಎಂಡಿ ಆದರೆ ಎಸ್‌ವಿಎಂ ಅಂತ. ಆಮೇಲೆ ನಿನ್ನ ಯೂಸರ್ ಹೆಸರನ್ನು ಕೆವಿಎಂ ಗ್ರೂಪ್‌ಗೆ ಸೇರಿಸಿ, ಲಾಗ್ ಔಟ್ ಮಾಡಿ ಮತ್ತೆ ಒಳಗೆ ಬಾ. ಸುಡೋ ಹಾಕಿ ಮ್ಯಾನೇಜರ್ ಓಡಿಸುವ ಅಭ್ಯಾಸ ಬೇಡ.

ಕರ್ನಲ್ ಕಂಪೈಲ್ ಮಾಡುವಾಗ ಡೆಫ್‌ಕಾನ್ಫಿಗ್ (ಮಾಮೂಲಿ ಸೆಟ್ಟಿಂಗ್), ಅದರ ಮೇಲೆ ಕೆವಿಎಂ ಗೆಸ್ಟ್ ಕಾನ್ಫಿಗ್. ಅದರ ಮೇಲೆ ಕೆಕೋವ್, ಕೇಸಾನ್, ಡಿಬಗ್ ಇನ್ಫೋ. ಕೆಕೋವ್ 2016ರಲ್ಲಿ 4.6ಕ್ಕೆ ಬಂತು. ಯಾವ ಸಿಸ್ಟಂ ಕಾಲ್ ಕರ್ನಲ್‌ನ ಯಾವ ಕೋಡ್ ಮುಟ್ಟಿತು ಅಂತ ಹೇಳುವುದು ಅದೇ. ಅದಿಲ್ಲದಿದ್ದರೆ ಸಿಜ್‌ಕಾಲರ್ ಕತ್ತಲಲ್ಲಿ ತಡಕಾಡಿದ ಹಾಗೆ. ಡೆಬಿಯನ್ ಇಮೇಜ್ ಬೂಟ್ ಆಗಲಿಕ್ಕೆ ಕಾನ್ಫಿಗ್‌ಎಫ್‌ಎಸ್, ಸೆಕ್ಯುರಿಟಿಎಫ್‌ಎಸ್ ಎರಡೂ ಬೇಕು. ವಿಳಾಸ ಅದಲುಬದಲು ಮಾಡುವ ರ‍್ಯಾಂಡಮೈಸ್ ಬೇಸ್ ಆಫ್ ಮಾಡು. ಇಲ್ಲದಿದ್ದರೆ ಒಂದೊಂದು ವಿಎಂನಲ್ಲಿ ಒಂದೊಂದು ವಿಳಾಸ ಬಂದು ಕವರೇಜ್ ಹೊಂದಾಣಿಕೆ ಆಗುವುದಿಲ್ಲ.

ಇಲ್ಲೊಂದು ಎಚ್ಚರ. ಕಾನ್ಫಿಗ್ ಫೈಲ್ ತಿದ್ದಿದ ಮೇಲೆ ಓಲ್ಡ್‌ಡೆಫ್‌ಕಾನ್ಫಿಗ್ ಓಡಿಸುತ್ತೀಯಲ್ಲ, ನೀನು ಹಾಕಿದ ಆಯ್ಕೆಗೆ ಬೇಕಾದ ಇನ್ನೊಂದು ಆಯ್ಕೆ ಇಲ್ಲದಿದ್ದರೆ ಅದು ಸದ್ದಿಲ್ಲದೆ ನಿನ್ನದನ್ನು ತೆಗೆದುಹಾಕುತ್ತದೆ. ಓಡಿಸಿದ ಮೇಲೆ ಮತ್ತೊಮ್ಮೆ ಫೈಲ್ ತೆರೆದು ಕೆಕೋವ್, ಕೇಸಾನ್ ಎರಡೂ ಇವೆಯಾ ಅಂತ ಕಣ್ಣಾರೆ ನೋಡು. ನಾನು ಇದೊಂದು ನೋಡದೆ ಮೂರು ದಿನ ಕಳೆದುಕೊಂಡಿದ್ದೇನೆ.

ಗಜನಿಗದ್ದೆ, ಕುಮಟಾ · ಮಂಗಳವಾರ ಬೆಳಿಗ್ಗೆ 8:10

ನನ್ನ ಹತ್ತಿರ 8 ಜಿಬಿ ಲ್ಯಾಪ್‌ಟಾಪ್ ಇದೆ, ನಾಲ್ಕು ಕೋರ್. ಲಿನಕ್ಸ್ ನೇರವಾಗಿಯೇ ಇದೆ, ಕೆವಿಎಂ ಸಹ ಇದೆ. ಇದರಲ್ಲಿ ಆಗುತ್ತದಾ? ಹೊಸದು ತಗೊಳ್ಳುವ ಹಾಗಿಲ್ಲ.

ಅಘನಾಶಿನಿ, ಕುಮಟಾ · ಮಂಗಳವಾರ ಮಧ್ಯಾಹ್ನ 1:20

ಆಗುತ್ತದೆ ಗಜನಿಗದ್ದೆ. ಲೆಕ್ಕ ಸರಿ ಇಟ್ಟುಕೊಳ್ಳಬೇಕು, ಅಷ್ಟೇ.

ಕೇಸಾನ್ ಇದ್ದರೆ ಮೆಮೊರಿಯ ಎಂಟನೇ ಒಂದು ಭಾಗ ಅದಕ್ಕೇ ಹೋಗುತ್ತದೆ. ಪ್ರತಿ ಎಂಟು ಬೈಟ್‌ಗೆ ಒಂದು ಬೈಟ್ ಟಿಪ್ಪಣಿ ಬರೆದಿಟ್ಟುಕೊಂಡ ಹಾಗೆ. 2 ಜಿಬಿಯಲ್ಲಿ 256 ಎಂಬಿ ಅಲ್ಲೇ ಹೋಯಿತು. ಹಾಗಾಗಿ ಒಂದು ವಿಎಂಗೆ 2 ಜಿಬಿಗಿಂತ ಇಳಿಯಬೇಡಿ. ನಿಮ್ಮ 8 ಜಿಬಿಯಲ್ಲಿ ಎರಡು ವಿಎಂ, ಒಂದೊಂದಕ್ಕೆ ಎರಡು ಸಿಪಿಯು. ಬ್ರೌಸರ್ ಮುಚ್ಚಿಟ್ಟುಕೊಳ್ಳಿ.

ಸಿಪಿಯು ಎರಡು ಕೊಡಿ ಅನ್ನುವುದಕ್ಕೆ ಕಾರಣ ಇದೆ. ಕರ್ನಲ್‌ನ ಒಳ್ಳೊಳ್ಳೆಯ ಬಗ್‌ಗಳು ಸಿಗುವುದು ಇಬ್ಬರು ಒಂದೇ ವಸ್ತುವಿಗೆ ಒಟ್ಟಿಗೆ ಕೈ ಹಾಕಿದಾಗ. ಒಬ್ಬ ಮೆಮೊರಿ ಬಿಟ್ಟುಕೊಡುತ್ತಾನೆ, ಅದೇ ಹೊತ್ತಿಗೆ ಇನ್ನೊಬ್ಬ ಓದಲಿಕ್ಕೆ ಬರುತ್ತಾನೆ. ಒಂದೇ ಸಿಪಿಯು ಇದ್ದರೆ ಇದು ಕಣ್ಣಿಗೆ ಬೀಳುವುದು ಕಷ್ಟ.

ತೋಟದಮನೆ, ನಿಮ್ಮ ಆರು ಕೋರ್‌ಗೆ ನಾಲ್ಕು ವಿಎಂ ಜಾಸ್ತಿ. ನಾಲ್ಕು ಎರಡಲೇ ಎಂಟು ಆಯಿತಲ್ಲ. ಮೂರು ಮಾಡಿ. ಹಾಗಂತ ಒಂದೇ ವಿಎಂಗೆ ಇಳಿಸಬೇಡಿ. ಕ್ರ್ಯಾಶ್ ಸಿಕ್ಕಾಗ ಅದನ್ನು ಮತ್ತೆ ಬೀಳಿಸಿ ನೋಡಲಿಕ್ಕೂ ಮ್ಯಾನೇಜರ್‌ಗೆ ವಿಎಂ ಬೇಕು. ಇರುವುದೊಂದೇ ಆದರೆ ಹುಡುಕಾಟ ಅಷ್ಟು ಹೊತ್ತು ನಿಂತಂತೆ. ಡಿಸ್ಕ್‌ನಲ್ಲೂ ಜಾಗ ಇರಲಿ, ಡಿಬಗ್ ಇನ್ಫೋ ಹಾಕಿ ಕಂಪೈಲ್ ಮಾಡಿದ ಕರ್ನಲ್ ತುಂಬಾ ಜಾಗ ತಿನ್ನುತ್ತದೆ.

ಇನ್ನು ಒಂದು ಮಾತು ಹೇಳದೇ ಇರಲಿಕ್ಕೆ ಆಗುತ್ತಿಲ್ಲ. ಶಿರಸಿ ಕಡೆ ಈಗ ಮಳೆ ಇರಬೇಕಲ್ಲ. ಫಝ್ ಅನ್ನುವ ಹೆಸರು ಹುಟ್ಟಿದ್ದೇ ಮಳೆಗಾಳಿಯ ರಾತ್ರಿಯಲ್ಲಿ. 1988ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಬಾರ್ಟನ್ ಮಿಲ್ಲರ್ ಅನ್ನುವ ಪ್ರೊಫೆಸರ್ ಮನೆಯಿಂದ ಫೋನ್ ಲೈನ್ ಮೇಲೆ ಯುನಿಕ್ಸ್ ಮೆಷಿನ್‌ಗೆ ಕನೆಕ್ಟ್ ಆಗಿದ್ದರು. ಹೊರಗೆ ಗುಡುಗು ಮಳೆ. ಲೈನ್‌ನಲ್ಲಿ ಗದ್ದಲ ಸೇರಿ ಅವರು ಟೈಪ್ ಮಾಡಿದ ಕಮಾಂಡ್‌ಗಳಲ್ಲಿ ಕಸದ ಅಕ್ಷರ ಬರುತ್ತಿತ್ತು. ಅದಕ್ಕೆ ಆಶ್ಚರ್ಯ ಇಲ್ಲ. ಆ ಕಸಕ್ಕೆ ಪ್ರೋಗ್ರಾಂಗಳು ಬಿದ್ದುಹೋಗುತ್ತಿದ್ದವು, ಅದು ಆಶ್ಚರ್ಯ. ಇದನ್ನೇ ಅವರು ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್ ಆಗಿ ಕೊಟ್ಟರು. 1990ರಲ್ಲಿ ಫಲಿತಾಂಶ ಪ್ರಕಟವಾಯಿತು. ಯುನಿಕ್ಸ್‌ನ ದಿನಬಳಕೆಯ ಪ್ರೋಗ್ರಾಂಗಳಲ್ಲಿ ನೂರಕ್ಕೆ 25ರಿಂದ 33ರಷ್ಟು ಕಸದ ಇನ್‌ಪುಟ್‌ಗೇ ಬಿದ್ದಿದ್ದವು.

ನಮ್ಮ ಮನೆಯ ಹಳೆಯ ಲ್ಯಾಂಡ್‌ಲೈನ್ ಮಳೆಗಾಲದಲ್ಲಿ ಬರೀ ಕರಕರ ಅನ್ನುತ್ತಿತ್ತು. ಅಪ್ಪ ರಿಸೀವರ್ ಹಿಡಿದು "ಕೇಳ್ತಾ ಇಲ್ಲ, ಗಟ್ಟಿ ಮಾತಾಡು" ಅಂತ ಕೂಗುತ್ತಿದ್ದುದು ಈಗಲೂ ಕಿವಿಯಲ್ಲಿದೆ. ಮಿಲ್ಲರ್ ಕತೆ ಮೊದಲ ಸಲ ಓದಿದಾಗ ಆ ಕರಕರ ಶಬ್ದವೇ ನೆನಪಾಯಿತು.

ಸೊಪ್ಪಿನಬೆಟ್ಟ, ಸಿದ್ದಾಪುರ · ಮಂಗಳವಾರ ಸಂಜೆ 7:00

ತೋಟದಮನೆಯವರೇ, ರಾತ್ರಿ ಕರೆಂಟ್ ಹೋಗಿತ್ತಾ? ನಮ್ಮಲ್ಲಿ ನಿನ್ನೆ ಎರಡು ಸಲ ಹೋಯಿತು.

ನಾನು ಕರ್ನಲ್ ಕೆಲಸದವನಲ್ಲ, ಆದರೆ ಮನೆಯಲ್ಲಿ ಸರ್ವರ್ ಇಟ್ಟುಕೊಂಡಿದ್ದೇನೆ. ಇನ್ವರ್ಟರ್ ಇದ್ದರೂ ಕೆಲವು ಸಲ ಡೆಸ್ಕ್‌ಟಾಪ್ ರೀಸ್ಟಾರ್ಟ್ ಆಗುತ್ತದೆ. ಕರೆಂಟ್ ಹೋಗಿ ಬ್ಯಾಟರಿಗೆ ಬದಲಾಗುವ ಆ ಒಂದು ಕ್ಷಣ ಸಾಕು. ಇನ್ವರ್ಟರ್ ಹಿಂದೆ ಯುಪಿಎಸ್ ಮೋಡ್ ಅಂತ ಸ್ವಿಚ್ ಇದ್ದರೆ ಅದಕ್ಕೆ ಹಾಕಿ, ಬದಲಾವಣೆ ಬೇಗ ಆಗುತ್ತದೆ. ಕಂಪ್ಯೂಟರ್‌ಗೆ ಬೇರೆ ಸಣ್ಣ ಯುಪಿಎಸ್ ಇದ್ದರೆ ಇನ್ನೂ ಒಳ್ಳೆಯದು. ಅರ್ಧಂಬರ್ಧ ಬರೆದ ಫೈಲ್‌ನಿಂದ ಆಗುವ ತಲೆನೋವು ಬೇಡವೇ ಬೇಡ.

ಕಾಳಿದಂಡೆ, ಕಾರವಾರ · ಮಂಗಳವಾರ ರಾತ್ರಿ 9:30

ಸೊಪ್ಪಿನಬೆಟ್ಟ ಹೇಳಿದ್ದು ಬಹಳ ಮುಖ್ಯ. ಸಿಜ್‌ಕಾಲರ್ ತನಗೆ ಉಪಯೋಗಕ್ಕೆ ಬಂದ ಪ್ರೋಗ್ರಾಂಗಳನ್ನೆಲ್ಲ ವರ್ಕ್‌ಡಿರ್ ಒಳಗೆ ಕಾರ್ಪಸ್.ಡಿಬಿ ಅನ್ನುವ ಒಂದು ಫೈಲ್‌ನಲ್ಲಿ ಇಡುತ್ತದೆ. ಮ್ಯಾನೇಜರ್ ನಿಂತು ಮತ್ತೆ ಶುರುವಾದರೂ ಅಲ್ಲಿಂದಲೇ ಮುಂದುವರಿಯುತ್ತದೆ. ವಾರಗಟ್ಟಲೆ ದುಡಿದ ಫಲ ಅದು. ದಿನಕ್ಕೊಮ್ಮೆ ಪೆನ್‌ಡ್ರೈವ್‌ಗೆ ಕಾಪಿ ಮಾಡಿಟ್ಟುಕೋ.

ವಿಎಂನ ಡಿಸ್ಕ್ ಇಮೇಜ್ ವಿಷಯ ಬೇರೆ. ಅದು ಬಿಸಾಕಲಿಕ್ಕೇ ಇರುವುದು. ಕ್ಯೂಎಮುನಲ್ಲಿ ಸ್ನ್ಯಾಪ್‌ಶಾಟ್ ಅಂತ ಸ್ವಿಚ್ ಇದೆ. ಅದು ಇದ್ದರೆ ವಿಎಂ ಬರೆದದ್ದೆಲ್ಲ ತಾತ್ಕಾಲಿಕ ಫೈಲ್‌ಗೆ ಹೋಗುತ್ತದೆ, ಮೂಲ ಇಮೇಜ್‌ಗೆ ಒಂದು ಬೈಟೂ ತಾಗುವುದಿಲ್ಲ. ವಿಎಂ ಸತ್ತರೆ ಆ ಫೈಲ್ ಸಹ ಹೋಯಿತು. ಮುಂದಿನದು ಹೊಸ ಎಲೆ ಹಾಕಿ ಬಡಿಸಿದ ಹಾಗೆ. ಕೈಯಿಂದ ಬೂಟ್ ಮಾಡುವಾಗಲೂ ಈ ಸ್ವಿಚ್ ಮರೆಯಬೇಡ. ಮರೆತರೆ ನಿನ್ನ ಪ್ರಯೋಗದ ಎಂಜಲು ಇಮೇಜ್‌ನಲ್ಲೇ ಉಳಿಯುತ್ತದೆ. ಆಮೇಲೆ ಬಂದ ಕ್ರ್ಯಾಶ್ ಕರ್ನಲ್‌ನಿಂದ ಬಂತಾ, ಕೆಟ್ಟ ಫೈಲ್‌ಸಿಸ್ಟಂನಿಂದ ಬಂತಾ ಅಂತ ಬ್ರಹ್ಮನಿಗೂ ಗೊತ್ತಾಗುವುದಿಲ್ಲ.

ಅಘನಾಶಿನಿ, ಕುಮಟಾ · ಮಂಗಳವಾರ ರಾತ್ರಿ 10:10

ಹೌದು. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ಡ್ರೈವರ್ ಟೆಸ್ಟ್ ಮಾಡಲಿಕ್ಕೆ ವಿಎಂ ಯಾಕೆ ಅಂದುಕೊಂಡು ಸ್ವಂತ ಮೆಷಿನ್‌ನಲ್ಲೇ ರೂಟ್ ಆಗಿ ಫಝರ್ ಬಿಟ್ಟಿದ್ದೆ. ಫಝರ್ ಅಂದರೆ ಮೌಂಟ್ ಮಾಡುತ್ತದೆ, ಅನ್‌ಮೌಂಟ್ ಮಾಡುತ್ತದೆ, ಡಿಸ್ಕ್‌ಗೆ ಬರೆಯುತ್ತದೆ. ಅದಕ್ಕೆ ನನ್ನದು, ನಿನ್ನದು ಇಲ್ಲ. ಬೆಳಿಗ್ಗೆ ಹೋಮ್ ಪಾರ್ಟಿಶನ್ ಮೌಂಟೇ ಆಗಲಿಲ್ಲ. ಅಣ್ಣನ ಮದುವೆಯ ಫೋಟೋ ಅದರಲ್ಲೇ ಇತ್ತು, ಕಾಪಿ ಬೇರೆ ಇರಲಿಲ್ಲ. ಇವತ್ತಿಗೂ ಆ ಫೋಟೋ ಇಲ್ಲ.

ದಯವಿಟ್ಟು ಯಾರೂ ಮನೆಯವರು ಬಳಸುವ ಮೆಷಿನ್‌ನಲ್ಲಿ, ಕಾಲೇಜ್ ಲ್ಯಾಬ್ ಮೆಷಿನ್‌ನಲ್ಲಿ ವಿಎಂ ಇಲ್ಲದೆ ಇದನ್ನು ಓಡಿಸಬೇಡಿ.

ತೋಟದಮನೆ, ಶಿರಸಿ · ಶನಿವಾರ ರಾತ್ರಿ 8:50

ಎಲ್ಲರಿಗೂ ಥ್ಯಾಂಕ್ಸ್. ನಾಲ್ಕು ದಿನ ಉತ್ತರ ಹಾಕಲಿಲ್ಲ, ಕ್ಷಮಿಸಿ. ಎರಡು ದಿನ ನೆಟ್ ಇರಲಿಲ್ಲ, ಎಲ್ಲೋ ಮರ ಬಿದ್ದು ಕೇಬಲ್ ಕಡಿದಿತ್ತು. ಅಪ್ಪನಿಗೆ ಬೇರೆ ಗಡಿಬಿಡಿ. ಕೊಳೆರೋಗ ಬರುವ ಮೊದಲು ಅಡಿಕೆಗೆ ಎರಡನೇ ಮದ್ದು ಹೊಡೆಸಬೇಕು. ಮರ ಹತ್ತಿ ಹೊಡೆಯುವ ಕೊನೆಗೌಡ ಸಿಕ್ಕರೂ ಮಳೆ ಹೊಳವಾಗುತ್ತಿಲ್ಲ.

ಪೇಟೆಯಿಂದ 240 ಜಿಬಿ ಎಸ್‌ಎಸ್‌ಡಿ ತಂದು ಡೆಬಿಯನ್ ಹಾಕಿದೆ. ಬಯೋಸ್‌ನಲ್ಲಿ ಎಸ್‌ವಿಎಂ ಆಫ್ ಇತ್ತು. ಆನ್ ಮಾಡಿದ ಕೂಡಲೇ /ಡೆವ್/ಕೆವಿಎಂ ಬಂತು. ಗ್ರೂಪ್‌ಗೆ ಸೇರಿಕೊಂಡೆ. ಕರ್ನಲ್ ಕಂಪೈಲ್ ಆದ ಮೇಲೆ ಕಾನ್ಫಿಗ್ ಮತ್ತೆ ನೋಡಿದೆ, ಕೆಕೋವ್, ಕೇಸಾನ್ ಎರಡೂ ಇದ್ದವು. ಇಮೇಜ್‌ಗೆ ಸಿಜ್‌ಕಾಲರ್ ಜೊತೆ ಬರುವ ಸ್ಕ್ರಿಪ್ಟ್ ಓಡಿಸಿದೆ. ಅದು ಡೆಬ್‌ಬೂಟ್‌ಸ್ಟ್ರಾಪ್ ಬಳಸಿ ಸಣ್ಣ ಡೆಬಿಯನ್ ಮಾಡಿಕೊಟ್ಟಿತು, ಎಸ್‌ಎಸ್‌ಎಚ್ ಕೀ ಸಹ ಕೊಟ್ಟಿತು.

ಕೈಯಿಂದ ಬೂಟ್ ಮಾಡಿದೆ. ಸೀರಿಯಲ್ ಕನ್ಸೋಲ್‌ನಲ್ಲಿ ಸಾಲುಗಳು ಸರಸರ ಓಡಿದವು. ಒಂದು ಗುಟುಕು ಚಹಾ ಕುಡಿಯುವಷ್ಟರಲ್ಲಿ ಲಾಗಿನ್! ಆರು ನಿಮಿಷ ಎಲ್ಲಿ, ಇದೆಲ್ಲಿ.

ಆದರೆ ಎಸ್‌ಎಸ್‌ಎಚ್ ಆಗಲೇ ಇಲ್ಲ. 10021 ಪೋರ್ಟ್‌ಗೆ ಹೋದರೆ ಸುಮ್ನೆ ಕಾಯುತ್ತಾ ಕೂರುತ್ತದೆ. ಕನ್ಸೋಲ್‌ನಲ್ಲಿ ಪಾಸ್‌ವರ್ಡ್ ಇಲ್ಲದೆ ರೂಟ್ ಆಗಿ ಒಳಗೆ ಹೋಗಿ ನೆಟ್‌ವರ್ಕ್ ನೋಡಿದೆ. ಕಾರ್ಡ್ ಇದೆ, ಐಪಿ ಇಲ್ಲ. ಕಾರ್ಡ್‌ನ ಹೆಸರು ಇಎನ್‌ಪಿಯಿಂದ ಶುರುವಾಗುವ ಯಾವುದೋ ಉದ್ದನೆಯ ಹೆಸರು. ಇಮೇಜ್ ಒಳಗಿನ ಸೆಟ್ಟಿಂಗ್ ಈಥ್0 ಅನ್ನುವ ಹೆಸರಿಗೆ ಬರೆದದ್ದು. ಕರೆದ ಹೆಸರು ಒಂದು, ಇರುವ ಹೆಸರು ಇನ್ನೊಂದು. ಕರ್ನಲ್ ಕಮಾಂಡ್ ಲೈನ್‌ಗೆ ನೆಟ್.ಐಎಫ್‌ನೇಮ್ಸ್=0 ಸೇರಿಸಿ ಮತ್ತೆ ಬೂಟ್ ಮಾಡಿದೆ. ಈಥ್0 ಬಂತು, ಐಪಿ ಬಂತು, ಎಸ್‌ಎಸ್‌ಎಚ್ ಬಂತು. ಇಷ್ಟಕ್ಕೆ ಒಂದೂವರೆ ದಿನ ಹಿಡಿಯಿತು. ಮೊದಲೇ ಮ್ಯಾನೇಜರ್ ಓಡಿಸಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ.

ಈಗ ಮೂರು ವಿಎಂ ಓಡುತ್ತಿವೆ. 56741 ಪೋರ್ಟ್‌ನಲ್ಲಿ ವೆಬ್ ಪುಟ ತೆರೆದಿಟ್ಟಿದ್ದೇನೆ. ಕವರೇಜ್ ನೋಡ ನೋಡುತ್ತಲೇ ಏರುತ್ತಿದೆ. ಮೂರು ಗಂಟೆ ಆಯಿತು, ಕ್ರ್ಯಾಶ್ ಸೊನ್ನೆ.

ಕಾಳಿದಂಡೆ, ಕಾರವಾರ · ಶನಿವಾರ ರಾತ್ರಿ 9:25

ಭೇಷ್! ಆ ಸೊನ್ನೆ ನೋಡಿ ಖುಷಿಯಾಯಿತು.

ಈಗ ಇನ್ನೊಂದು ಪರೀಕ್ಷೆ ಬಾಕಿ. ವಿಎಂ ಸುಳ್ಳು ಹೇಳುತ್ತಿಲ್ಲ ಅಂತ ಗೊತ್ತಾಯಿತು. ನಿಜ ಹೇಳಬೇಕಾದಾಗ ಹೇಳುತ್ತದಾ ಅಂತಲೂ ನೋಡಬೇಕಲ್ಲ. ಕೈಯಿಂದ ಒಂದು ವಿಎಂ ಬೂಟ್ ಮಾಡಿ, ಒಳಗೆ ಹೋಗಿ, /ಪ್ರಾಕ್/ಸಿಸ್‌ಆರ್‌ಕ್ಯೂ-ಟ್ರಿಗರ್ ಫೈಲ್‌ಗೆ "ಸಿ" ಅನ್ನುವ ಇಂಗ್ಲಿಷ್ ಅಕ್ಷರ ಬರಿ. ಕರ್ನಲ್ ಅಲ್ಲೇ ಪ್ಯಾನಿಕ್ ಆಗುತ್ತದೆ. ಆ ಪ್ಯಾನಿಕ್‌ನ ಎಲ್ಲ ಸಾಲುಗಳೂ ಸೀರಿಯಲ್ ಕನ್ಸೋಲ್‌ನಲ್ಲಿ ಕೊನೆಯ ತನಕ ಬರಬೇಕು, ಫಂಕ್ಷನ್ ಹೆಸರು ಸಮೇತ. ಬರದಿದ್ದರೆ ನಾಳೆ ನಿಜವಾದ ಬಗ್ ಬಂದಾಗಲೂ ಬರುವುದಿಲ್ಲ. ಆಗ ಮ್ಯಾನೇಜರ್ ಪಾಪ "ಔಟ್‌ಪುಟ್ ಇಲ್ಲ" ಅಂತ ಬರೆದಿಡುತ್ತದೆ, ಬಂಗಾರದಂಥ ಬಗ್ ಕೈತಪ್ಪಿ ಹೋಗುತ್ತದೆ.

ಕೇಸಾನ್‌ಗೂ ಕರ್ನಲ್ ಒಳಗೇ ಒಂದು ಟೆಸ್ಟ್ ಇದೆ. ಬೇಕೆಂದೇ ತಪ್ಪು ಮಾಡಿ, ಕೇಸಾನ್ ಹಿಡಿಯುತ್ತದಾ ನೋಡುವಂಥದ್ದು. ಒಮ್ಮೆ ಅದನ್ನೂ ಓಡಿಸು.

ಆಮೇಲೆ ಹುಡುಕುವ ಜಾಗ ಕಿರಿದು ಮಾಡು. ಪೂರ್ತಿ ಕರ್ನಲ್ ಮೇಲೆ 2017ರಿಂದ ಸಿಜ್‌ಬಾಟ್ (ಸಿಜ್‌ಕಾಲರನ್ನು ತಾನಾಗಿ ಓಡಿಸುವ ಗೂಗಲ್‌ನ ವ್ಯವಸ್ಥೆ) ಹಗಲೂ ರಾತ್ರಿ ಓಡುತ್ತಿದೆ. ಅದರ ಮೆಷಿನ್‌ಗಳ ಜೊತೆ ನಿನ್ನ ಮೂರು ವಿಎಂ ಓಟಕ್ಕೆ ನಿಲ್ಲುವುದು ಬೇಡ. ಕಾನ್ಫಿಗ್‌ನಲ್ಲಿ ಎನೇಬಲ್ ಸಿಸ್‌ಕಾಲ್ಸ್ ಅಂತ ಪಟ್ಟಿ ಕೊಡಬಹುದು. ಒಂದು ಸಬ್‌ಸಿಸ್ಟಂ ಹಿಡಿ, ಅದಕ್ಕೆ ಸೇರಿದ ಕಾಲ್‌ಗಳನ್ನು ಮಾತ್ರ ಕೊಡು. ಸಿಜ್‌ಕಾಲರ್ ವಿವರಣೆ ಫೈಲ್‌ಗಳನ್ನೂ ಓದು. ಯಾವ ಕಾಲ್‌ಗೆ ಯಾವ ಆರ್ಗ್ಯುಮೆಂಟ್, ಒಂದರಿಂದ ಬಂದ ಫೈಲ್ ಡಿಸ್ಕ್ರಿಪ್ಟರ್ ಇನ್ನೊಂದಕ್ಕೆ ಹೇಗೆ ಹೋಗಬೇಕು ಅಂತ ಅದರಲ್ಲಿ ಬರೆದಿರುತ್ತದೆ. ವಿವರಣೆಯೇ ಇಲ್ಲದ ಡ್ರೈವರ್ ಸಿಕ್ಕರೆ ನೀನೇ ಬರಿ. ನಿನ್ನಂಥವರಿಗೆ ನಿಜವಾದ ಕೆಲಸ ಇರುವುದು ಅಲ್ಲೇ.

ಹಳೆಯ ಕೋಡ್ ಅಂತ ಅಲಕ್ಷ್ಯ ಮಾಡಬೇಡ. ಡಿಸಿಸಿಪಿ ಅನ್ನುವ ನೆಟ್‌ವರ್ಕ್ ಪ್ರೋಟೋಕಾಲ್ 2005ರಲ್ಲಿ ಲಿನಕ್ಸ್‌ಗೆ ಬಂದದ್ದು. ಅದರಲ್ಲಿ ಒಂದೇ ಮೆಮೊರಿಯನ್ನು ಎರಡು ಸಲ ಬಿಟ್ಟುಕೊಡುವ ತಪ್ಪಿತ್ತು. ಅದು ಸಿಜ್‌ಕಾಲರ್ ಕೈಗೆ ಸಿಕ್ಕಿದ್ದು 2017ರಲ್ಲಿ. ಅಲ್ಲಿಯ ತನಕ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಗಜನಿಗದ್ದೆ, ಕುಮಟಾ · ಭಾನುವಾರ ಬೆಳಿಗ್ಗೆ 7:45

ನನ್ನ 8 ಜಿಬಿಯಲ್ಲೂ ಎರಡು ವಿಎಂ ಓಡುತ್ತಿವೆ ಅಕ್ಕಾ. ಲ್ಯಾಪ್‌ಟಾಪ್ ಮಾತ್ರ ಕೈಯಿಡಲಿಕ್ಕೆ ಆಗದಷ್ಟು ಬಿಸಿ.

ಅಘನಾಶಿನಿ, ಕುಮಟಾ · ಭಾನುವಾರ ಬೆಳಿಗ್ಗೆ 8:30

ಅಡಿಗೆ ಎರಡು ಮರದ ತುಂಡು ಇಟ್ಟು ಎತ್ತರ ಮಾಡಿ, ಫ್ಯಾನ್ ಬಿಡಿ. ಬಿಸಿಯಾದರೆ ಪ್ರೊಸೆಸರ್ ತಾನೇ ವೇಗ ಇಳಿಸುತ್ತದೆ. ವೇಗ ಇಳಿದರೆ ಮತ್ತೆ ಅದೇ ಸ್ಟಾಲ್ ಕತೆ. ಆದಷ್ಟೂ ರಾತ್ರಿ ಓಡಿಸಿ.

ತೋಟದಮನೆ, ಶಿರಸಿ · ಬುಧವಾರ ಸಂಜೆ 6:15

ಕೈ ನಡುಗುತ್ತಿದೆ, ಆದರೂ ಬರೆಯುತ್ತಿದ್ದೇನೆ.

ಬೆಳಗಿನ ಜಾವ ಒಂದು ಕ್ರ್ಯಾಶ್ ಬಂದಿದೆ. ಈ ಸಲ ಹೆಸರು ಬೇರೆ. ಕೇಸಾನ್, ಸ್ಲ್ಯಾಬ್ ಯೂಸ್ ಆಫ್ಟರ್ ಫ್ರೀ (ಬಿಟ್ಟುಕೊಟ್ಟ ಮೆಮೊರಿಯನ್ನು ಮತ್ತೆ ಮುಟ್ಟಿದ್ದು), ಒಂದು ಫಂಕ್ಷನ್ ಹೆಸರು. ರಿಪೋರ್ಟ್ ತೆರೆದರೆ ಮೂರು ಭಾಗ ಇದೆ. ಎಲ್ಲಿ ಓದಲಿಕ್ಕೆ ಹೋಯಿತು, ಆ ಮೆಮೊರಿಯನ್ನು ಮೊದಲು ಯಾರು ತಗೊಂಡಿದ್ದರು, ಆಮೇಲೆ ಯಾರು ಬಿಟ್ಟರು. ಮೂರಕ್ಕೂ ಫೈಲ್ ಹೆಸರು, ಸಾಲಿನ ಸಂಖ್ಯೆ. ಕೆಳಗೆ ಆ ಬೈಟ್‌ಗಳ ಸುತ್ತಲಿನ ಟಿಪ್ಪಣಿ, ತಪ್ಪಿದ ಜಾಗಕ್ಕೆ ಬಾಣದ ಗುರುತು. ಹೊತ್ತಿನ ದೂರು ಅಲ್ಲ ಸರ್ ಇದು.

ಮಧ್ಯಾಹ್ನದ ಹೊತ್ತಿಗೆ ಮ್ಯಾನೇಜರ್ ತಾನೇ ಸಿ ಪ್ರೋಗ್ರಾಂ ಸಹ ಮಾಡಿಕೊಟ್ಟಿದೆ. ಅದನ್ನು ಮ್ಯಾನೇಜರ್ ಇಲ್ಲದೆ, ಕೈಯಿಂದ ಬೂಟ್ ಮಾಡಿದ ಹೊಸ ವಿಎಂನಲ್ಲಿ ಓಡಿಸಿದೆ. ಬಿತ್ತು. ವಿಎಂ ಬಿಸಾಕಿ ಹೊಸದು ಎಬ್ಬಿಸಿ ಮತ್ತೆ ಓಡಿಸಿದೆ. ಮತ್ತೆ ಬಿತ್ತು. ಹತ್ತು ಸಲದಲ್ಲಿ ಒಂಬತ್ತು ಸಲ ಅದೇ ಸಾಲು.

ಯಾವ ಕೋಡ್ ಅಂತ ಇಲ್ಲಿ ಹಾಕುತ್ತಿಲ್ಲ. ಮುಂದೇನು ಮಾಡಲಿ?

ಕಾಳಿದಂಡೆ, ಕಾರವಾರ · ಬುಧವಾರ ಸಂಜೆ 6:40

ಇಲ್ಲಿ ಹಾಕದಿದ್ದದ್ದು ಒಳ್ಳೆಯದು ಮಾಡಿದೆ. ಮೊದಲು ಸಿಜ್‌ಬಾಟ್ ಡ್ಯಾಶ್‌ಬೋರ್ಡ್‌ನಲ್ಲಿ ಆ ಫಂಕ್ಷನ್ ಹೆಸರು ಹುಡುಕು. ಫಿಕ್ಸ್ ಆದದ್ದರ ಪಟ್ಟಿಯನ್ನೂ ನೋಡು. ನೀನು ಓಡಿಸುತ್ತಿರುವುದು ಯಾವ ಕರ್ನಲ್? ಹೊಸ ಕೋಡ್ ಸೇರುವ ಲಿನಸ್ ಅವರ ಮುಖ್ಯ ಟ್ರೀನಾ, ಬಿಡುಗಡೆಯಾದ ಮೇಲೆ ಫಿಕ್ಸ್ ಮಾತ್ರ ಸೇರುವ ಸ್ಟೇಬಲ್‌ನಾ?

ತೋಟದಮನೆ, ಶಿರಸಿ · ಬುಧವಾರ ರಾತ್ರಿ 8:20

ಸ್ಟೇಬಲ್. ಒಂದು ಹಳೆಯ ಎಲ್‌ಟಿಎಸ್ (ವರ್ಷಗಟ್ಟಲೆ ಫಿಕ್ಸ್ ಸಿಗುವ) ಬ್ರ್ಯಾಂಚ್, ಅದರ ಇತ್ತೀಚಿನ ಬಿಡುಗಡೆ.

ಸಿಕ್ಕಿತು. ಸಿಜ್‌ಬಾಟ್‌ಗೆ ಮೊದಲೇ ಸಿಕ್ಕಿದೆ, ಮುಖ್ಯ ಟ್ರೀಯಲ್ಲಿ ಫಿಕ್ಸ್ ಸಹ ಆಗಿದೆ. ಯಾರೋ ಆಗಲೇ ಮಾಡಿ ಮುಗಿಸಿದ್ದಾರೆ. ಸ್ವಲ್ಪ ಬೇಸರವಾಯಿತು.

ಅಘನಾಶಿನಿ, ಕುಮಟಾ · ಬುಧವಾರ ರಾತ್ರಿ 8:45

ಬೇಸರ ಯಾಕೆ ತಮಾ? ಮುಖ್ಯ ಟ್ರೀಯಲ್ಲಿ ಫಿಕ್ಸ್ ಆಗಿದೆ, ನಿನ್ನ ಬ್ರ್ಯಾಂಚ್‌ನಲ್ಲಿ ಇವತ್ತೂ ಬೀಳುತ್ತಿದೆ. ಅಂದರೆ ಆ ಫಿಕ್ಸ್ ಅಲ್ಲಿಗೆ ತಲುಪಿಲ್ಲ. ಆ ಬ್ರ್ಯಾಂಚ್ ಬಳಸುವವರೆಲ್ಲರ ಮೆಷಿನ್‌ನಲ್ಲಿ ಬಗ್ ಹಾಗೇ ಇದೆ ಅಂತಾಯಿತು.

ಹೀಗೆ ಮಾಡು. ಫಿಕ್ಸ್‌ನ ಕಮಿಟ್ (ಆ ಒಂದು ಬದಲಾವಣೆ) ಮಾತ್ರ ತೆಗೆದು ನಿನ್ನ ಬ್ರ್ಯಾಂಚ್ ಮೇಲೆ ಚೆರ‍್ರಿ-ಪಿಕ್ ಮಾಡು. ಸಲೀಸಾಗಿ ಕೂರುತ್ತದಾ ನೋಡು. ಕೂತರೆ ಕಂಪೈಲ್ ಮಾಡಿ, ಅದೇ ಸಿ ಪ್ರೋಗ್ರಾಂ ಹೊಸ ವಿಎಂನಲ್ಲಿ ಓಡಿಸು. ಒಂದೆರಡು ಸಲ ಸಾಲದು, ಹತ್ತಕ್ಕೆ ಒಂಬತ್ತು ಸಲ ಬೀಳುತ್ತಿತ್ತಲ್ಲ, ಐವತ್ತು ಸಲ ಓಡಿಸು. ಬೀಳದಿದ್ದರೆ ಸ್ಟೇಬಲ್ ಮೇಲಿಂಗ್ ಲಿಸ್ಟ್‌ಗೆ ಬರಿ. ಪ್ಯಾಚ್‌ನ ಹೆಸರು, ಕಮಿಟ್ ಸಂಖ್ಯೆ, ಯಾಕೆ ಬೇಕು, ಯಾವ ಬ್ರ್ಯಾಂಚ್‌ಗೆ ಬೇಕು. ಅವರು ಕೇಳುವುದು ಇಷ್ಟೇ. ಫಿಕ್ಸ್ ಮೊದಲೇ ಬಹಿರಂಗ ಆಗಿರುವುದರಿಂದ ಗುಟ್ಟಿನ ವಿಷಯ ಇಲ್ಲ. ಫಿಕ್ಸ್ ಬರೆದವರನ್ನೂ ಆ ಸಬ್‌ಸಿಸ್ಟಂ ಮೇಂಟೇನರನ್ನೂ ಸಿಸಿಯಲ್ಲಿ ಹಾಕು.

ಕಾಳಿದಂಡೆ, ಕಾರವಾರ · ಬುಧವಾರ ರಾತ್ರಿ 8:55

ಮೇಲ್ ಪ್ಲೇನ್ ಟೆಕ್ಸ್ಟ್‌ನಲ್ಲಿ ಇರಲಿ, ಎಚ್‌ಟಿಎಂಎಲ್ ಬೇಡ. ಆ ಲಿಸ್ಟ್‌ಗಳು ಎಚ್‌ಟಿಎಂಎಲ್ ಮೇಲ್ ತಗೊಳ್ಳುವುದೇ ಇಲ್ಲ. ಬರೆದು ಮೊದಲು ನನಗೊಂದು ಕಾಪಿ ಕಳಿಸು, ನೋಡಿಕೊಡುತ್ತೇನೆ.

ತೋಟದಮನೆ, ಶಿರಸಿ · ಶುಕ್ರವಾರ ಬೆಳಿಗ್ಗೆ 7:10

ಪ್ಯಾಚ್ ಸಲೀಸಾಗಿ ಕೂತಿತು. ರಾತ್ರಿ ಐವತ್ತು ಸಲ ಓಡಿಸಿದೆ, ಪ್ರತಿ ಸಲ ಹೊಸ ವಿಎಂ. ಒಮ್ಮೆಯೂ ಬೀಳಲಿಲ್ಲ. ಪ್ಯಾಚ್ ತೆಗೆದು ಮತ್ತೆ ಹತ್ತು ಸಲ ಓಡಿಸಿದೆ, ಎಂಟು ಸಲ ಬಿತ್ತು. ಎರಡೂ ಲೆಕ್ಕ ಮೇಲ್‌ನಲ್ಲಿ ಬರೆದಿದ್ದೇನೆ. ಕಾಳಿದಂಡೆ ಸರ್ ಎರಡು ಕಡೆ ತಿದ್ದಿಕೊಟ್ಟರು. ಈಗಷ್ಟೇ ಕಳಿಸಿದೆ.

ಸೋಮವಾರ ಬರೆದಿಟ್ಟಿದ್ದ ಹಳೆಯ ಮೇಲ್ ಡಿಲೀಟ್ ಮಾಡಿದೆ.

ವಿಎಂಗಳು ಓಡುತ್ತಿವೆ. ನಾನು ತೋಟಕ್ಕೆ ಹೊರಟೆ. ಮಳೆ ಹೊಳವಾಗಿದೆ, ಕೊನೆಗೌಡ ಬಂದಾಗಿದೆ, ಮದ್ದಿನ ಬ್ಯಾರಲ್‌ಗೆ ಸುಣ್ಣ ಕಲಸಲಿಕ್ಕೆ ಅಪ್ಪ ಕರೆಯುತ್ತಿದ್ದಾರೆ. ಉತ್ತರ ಬಂದರೆ ಸಂಜೆ ಇಲ್ಲಿ ಹಾಕುತ್ತೇನೆ.